ಹೊಳೆಯ ಪಾಲು

ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರುವುದು ನನಗೆ ತಪ್ಪಿದ್ದು ಎರಡೇ ಸಲ. ಅಪ್ಪ ತೀರಿಕೊಂಡ ವರ್ಷ ಒಮ್ಮೆ, 2022ರಲ್ಲಿ ಇನ್ನೊಮ್ಮೆ. ಆ ವರ್ಷ ಆಗಸ್ಟ್ 30ಕ್ಕೆ ಹಬ್ಬ ಬಿದ್ದಿತ್ತು. ಬೆಳಿಗ್ಗೆ ಎದ್ದು ಬಾಗಿಲು ತೊಳೆದು ರಂಗೋಲಿ ಬಿಟ್ಟು, ಅಣ್ಣ ಬಂದರೆ ಉಣ್ಣಲಿ ಎಂದು ಒಬ್ಬಟ್ಟಿಗೆ ಬೇಳೆ ಬೇಯಲು ಇಟ್ಟಿದ್ದೆ. ಅಣ್ಣನ ಬದಲು ಅವನ ಫೋನು ಬಂತು. "ಹೊಳ ಕೊಟ್ಟಿಗೆಗಂಟ ಬಂದದ ಕುಸ. ಈ ಸಲದ ಬಾಗಿನ ಹೊಳೆಗೇ ಆಯ್ತು ಅಂದ್ಕೊ" ಎಂದ. ನಗುತ್ತಲೇ ಹೇಳಿದನಾದರೂ ಆ ನಗುವಿನ ಹಿಂದೆ ನೀರಿನ ಸದ್ದು ಕೇಳುತ್ತಿತ್ತು.

ನಾನು ಹುಟ್ಟಿದ್ದು ಸುವರ್ಣಾವತಿಯ ದಂಡೆಯಲ್ಲಿ, ಸೇರಿದ್ದು ಗುಂಡ್ಲುಹೊಳೆಯ ದಂಡೆಗೆ. ಹೇಳುವುದಕ್ಕೆ ಎರಡೂ ಹೊಳೆಯೇ. ಆದರೆ 1988ರಲ್ಲಿ ಮದುವೆಯಾಗಿ ಗುಂಡ್ಲುಪೇಟೆಗೆ ಬಂದ ಹೊಸದರಲ್ಲಿ ನಾನು ಅತ್ತೆಯವರನ್ನು "ಇಲ್ಲಿ ಹೊಳೆ ಎಲ್ಲಿದೆ?" ಎಂದು ಕೇಳಿದಾಗ ಮನೆಮಂದಿಯೆಲ್ಲ ನಕ್ಕಿದ್ದರು. ಆ ದಿನ ಬೆಳಿಗ್ಗೆ ನಾನು ಅದನ್ನು ದಾಟಿಕೊಂಡೇ ಬಂದಿದ್ದೆನಂತೆ! ಸೇತುವೆಯ ಕೆಳಗೆ ನನಗೆ ಕಂಡಿದ್ದು ಜಾಲಿಗಿಡ, ಒಂದೆರಡು ಎಮ್ಮೆ, ಅಷ್ಟೆ. ಹೊಳೆಯನ್ನು ನೋಡಿ ಬೆಳೆದವಳಿಗೆ ಹೊಳೆಯೇ ಕಾಣದ ಊರು ಸಿಕ್ಕಿತಲ್ಲ ಎಂದು ಆಗ ಬೇಸರವಾಗಿತ್ತು.

ಸುವರ್ಣಾವತಿಗೆ ಹೊನ್ನುಹೊಳೆ ಎಂದೂ ಹೆಸರು. ಸತ್ಯಮಂಗಲದ ಕಡೆಯ ಬೆಟ್ಟಗಳಿಂದ ಇಳಿದು, ಅಟ್ಟುಗುಳಿಪುರದ ಹತ್ತಿರ ಜಲಾಶಯದಲ್ಲಿ ನಿಂತು, ಚಾಮರಾಜನಗರ, ಯಳಂದೂರು ತಾಲ್ಲೂಕುಗಳನ್ನು ಹಾದು, ಕೊಳ್ಳೇಗಾಲದ ಕಡೆ ಕಾವೇರಿಯನ್ನು ಸೇರುತ್ತದೆ. ನನ್ನ ತವರು ಆಲೂರಿನಿಂದ ಕೆಳಗೆ, ಯಳಂದೂರಿಗಿಂತ ಮೇಲೆ. ಎಷ್ಟೋ ವರ್ಷ ಆ ಜಲಾಶಯ ತುಂಬುತ್ತಲೇ ಇರಲಿಲ್ಲ. ಹೊಳೆಯ ಪಾತ್ರದಲ್ಲಿ ಜೊಂಡು ಬೆಳೆದು, ದನ ಮೇಯುತ್ತಿದ್ದವು. 2022ರ ಆಗಸ್ಟ್ ಕೊನೆಯಲ್ಲಿ ಬೆಟ್ಟದ ಸಾಲಿನಲ್ಲಿ ಮಳೆ ಹಿಡಿಯಿತು ನೋಡಿ, ಸುವರ್ಣಾವತಿ, ಚಿಕ್ಕಹೊಳೆ ಎರಡೂ ಜಲಾಶಯಗಳು ತುಂಬಿ ನೀರು ಹೊರಗೆ ಬಿಡಬೇಕಾಯಿತು. ಯಳಂದೂರು, ಅಗರ, ಮಾಂಬಳ್ಳಿಯ ಕಡೆ ಗದ್ದೆ, ರಸ್ತೆ, ಮನೆ ಎನ್ನದೆ ನೀರು ನುಗ್ಗಿತು. ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನಲ್ಲಿ ದೊಡ್ಡ ದೊಡ್ಡ ಬಂಗಲೆಗಳ ಮುಂದೆ ದೋಣಿ ಓಡಾಡಿದ್ದನ್ನು ಟಿ.ವಿ.ಯಲ್ಲಿ ನೀವೆಲ್ಲ ನೋಡಿರುತ್ತೀರಿ. ನಮ್ಮ ಕಡೆಯ ನೀರು ಅಷ್ಟೊಂದು ಟಿ.ವಿ.ಗೆ ಬರಲಿಲ್ಲ.

ನೀರು ಇಳಿದ ಮೇಲೆ ತೆರಕಣಾಂಬಿಯ ಮೇಲಿನಿಂದ ಚಾಮರಾಜನಗರದ ಬಸ್ಸು ಹಿಡಿದು ತವರಿಗೆ ಹೋದೆ. ಅತ್ತಿಗೆ ಬಾಗಿಲಲ್ಲಿ ನಿಂತು ಪೊರಕೆ ಹಿಡಿದುಕೊಂಡೇ ಅತ್ತಳು. ಮನೆಯೊಳಗೆ ಮೊಣಕಾಲುದ್ದ ಕೆಸರು. ಕೆಸರು ಎಂದರೆ ಮಣ್ಣು ಎಂದುಕೊಂಡಿದ್ದೆ. ಕೊಟ್ಟಿಗೆಯದು, ಕಕ್ಕಸಿನದು, ಗದ್ದೆಗೆ ಹೊಡೆದ ಔಷಧದ್ದು, ಎಲ್ಲವೂ ಅದರಲ್ಲಿತ್ತು. ಎರಡು ದಿನ ನಾವಿಬ್ಬರೂ ಬಾಚಿ, ತೊಳೆದು, ಬ್ಲೀಚಿಂಗ್ ಪುಡಿ ಹಾಕಿ, ಮತ್ತೆ ತೊಳೆದೆವು. ಮೂರನೆಯ ದಿನ ಊರಿನ ಸ್ತ್ರೀಶಕ್ತಿ ಸಂಘದ ಹೆಂಗಸರು ಹೊಳೆಯ ದಂಡೆಗೆ ಹೊರಟರು. ಮನೆ ಚೊಕ್ಕ ಮಾಡಿದ ಕೈಯಲ್ಲೇ ಹೊಳೆಯನ್ನೂ ಮಾಡಿಬಿಡೋಣ ಎಂದು ನಾನೂ ಸೆರಗು ಸಿಕ್ಕಿಸಿಕೊಂಡು ಹೋದೆ.

ದಂಡೆಯ ಜಾಲಿಗಿಡ, ಮುಳ್ಳುತಂತಿ, ಸೇತುವೆಯ ಕಂಬ, ಎಲ್ಲ ಕಡೆಯೂ ನೀರು ತಂದ ಸಾಮಾನು ತೋರಣದಂತೆ ನೇತಾಡುತ್ತಿತ್ತು. ಪ್ಲಾಸ್ಟಿಕ್ ಕವರುಗಳು, ಶಾಂಪೂ ಚೀಟಿಗಳು, ಔಷಧದ ಡಬ್ಬಗಳು, ಹೆಂಡದ ಪ್ಯಾಕೆಟ್ಟುಗಳು, ಮಕ್ಕಳ ಡೈಪರುಗಳು, ಸತ್ತವರ ಹಾಸಿಗೆ ಬಟ್ಟೆ. ಇವುಗಳ ನಡುವೆ ದೇವರ ಪಟಗಳು. ಗಾಜು ಒಡೆದ ಲಕ್ಷ್ಮಿ, ಚೌಕಟ್ಟು ಬಿಟ್ಟ ಶಿವಪಾರ್ವತಿ, ಮುಖದ ಬಣ್ಣ ಹೋದ ವೆಂಕಟರಮಣ. ಒಬ್ಬಾಕೆ ಆ ಪಟಗಳನ್ನು ಕಸದ ಗುಡ್ಡೆಗೆ ಹಾಕಲು ಕೈ ಬರದೆ ಬೇರೆಯೇ ಒಂದು ಕಡೆ ಜೋಡಿಸಿ ಕೈ ಮುಗಿದಳು. ನಾನು ನೋಡುತ್ತ ನಿಂತೆ.

ನಿಂತದ್ದಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ಅತ್ತೆಯವರು ತೀರಿಕೊಂಡ ಮೇಲೆ, ಅವರ ಪೂಜಾಗೂಡಿನ ಒಡೆದ ಪಟಗಳನ್ನೂ ಒಣಗಿದ ಹೂಮಾಲೆಗಳನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿ ಗಂಟು ಹಾಕಿ ತವರಿಗೆ ತಂದು ಇದೇ ಹೊಳೆಗೆ ಬಿಟ್ಟವಳು ನಾನು. ಗುಂಡ್ಲುಪೇಟೆಯಲ್ಲಿ ಹರಿಯುವ ನೀರಿಲ್ಲವಲ್ಲ, ದೇವರ ಪಟವನ್ನು ಚರಂಡಿಗೆ ಹಾಕಲಾದೀತೆ? ನಿಮ್ಮಲ್ಲಿ ಎಷ್ಟೋ ಜನ ಹೀಗೆ ಮಾಡಿರುತ್ತೀರಿ. ನಮಗೆ ಇಟ್ಟುಕೊಳ್ಳಲೂ ಆಗದ, ಬಿಸಾಡಲೂ ಮನಸ್ಸು ಬಾರದ ವಸ್ತುಗಳಿಗೆಲ್ಲ ಹೊಳೆಯೇ ಗತಿ. ಪವಿತ್ರ ಎಂದು ನಾವು ಹೊಳೆಗೆ ಹಾಕುತ್ತೇವೆ. ಆ ಪವಿತ್ರವಾದದ್ದು ಕೆಳಗಿನ ಊರಿನ ಮುಳ್ಳುತಂತಿಗೆ ಸಿಕ್ಕಿಕೊಂಡು ಕಸವಾಗುತ್ತದೆ. ನಾನು ಬಿಟ್ಟ ಪಟಗಳು ಆ ಗುಡ್ಡೆಯಲ್ಲಿರಲಿಲ್ಲ, ಎಷ್ಟೋ ಮುಂದೆ ಹೋಗಿರಬೇಕು. ಆದರೆ ಅಲ್ಲಿದ್ದ ಪಟಗಳೂ ನನ್ನಂಥ ಯಾರೋ ಮೇಲಿನ ಊರಿನ ಭಕ್ತೆ ಕಣ್ಣೀರು ಹಾಕುತ್ತ ಬಿಟ್ಟದ್ದೇ ಅಲ್ಲವೇ?

ಎರಡನೆಯ ದಿನ ಜೆಸಿಬಿ ಬಂತು. ಮೂಲೆಗೆ ನಿಂತಿದ್ದ ಜೊಂಡು, ಮಗುಚಿ ಬಿದ್ದ ಹೊಂಗೆಮರ, ಹೊಸದಾಗಿ ಬಂದು ಕೂತ ಮರಳಿನ ದಿಬ್ಬ, ಎಲ್ಲವನ್ನೂ ಕೆರೆದು ಹೊಳೆಯನ್ನು ಕಾಲುವೆಯ ಹಾಗೆ ನೇರ ಮಾಡಿಬಿಡಬೇಕು ಎಂದು ಗಂಡಸರ ಲೆಕ್ಕ. ನನಗೂ ಅದೇ ಸರಿ ಎನ್ನಿಸಿತ್ತು. ಚೊಕ್ಕ ಎಂದರೆ ನಮ್ಮ ಕಣ್ಣಿಗೆ ಖಾಲಿ ಇರುವುದು, ನೇರವಾಗಿರುವುದು, ಗುಡಿಸಿದ ಹಾಗೆ ಇರುವುದು. ಆಗ ತಡೆದವಳು ಆಚೆದಡದ ಅತ್ತೆ.

ಆಕೆ ನಮಗೆ ಸಂಬಂಧಿಕಳಲ್ಲ. ಹೊಳೆಯ ಆ ದಡದಲ್ಲಿ ಮನೆ ಇದ್ದುದರಿಂದ ಚಿಕ್ಕಂದಿನಿಂದ ನಾವು ಕರೆಯುತ್ತಿದ್ದುದೇ ಹಾಗೆ. ಗಂಡ ಹೋಗಿ ಮೂವತ್ತು ವರ್ಷವಾಗಿತ್ತು. ಕೂಲಿ ಮಾಡಿ ಮಗನನ್ನು ಸಾಕಿದವಳು. "ಮರಳು ಯಾಕ ಎತ್ತೀರಿ? ಅದು ಹೊಳದು. ನಿಮ್ಮದು ಏನಾದ ಅದ್ನ ಎತ್ಕಳಿ" ಎಂದಳು.

ಅವಳ ಮಾತಿನಲ್ಲಿದ್ದ ತಿಳಿವಳಿಕೆ ನನಗೆ ಆಮೇಲೆ ಓದಿ, ಬಲ್ಲವರನ್ನು ಕೇಳಿ ಅರ್ಥವಾಯಿತು. ಮರಳು ಸುಮ್ಮನೆ ಬಿದ್ದಿರುವುದಲ್ಲ. ನೀರನ್ನು ಹೀರಿ ಹಿಡಿದುಕೊಂಡು ಬೇಸಿಗೆಯಲ್ಲಿ ದಂಡೆಯ ಬಾವಿಗಳಿಗೆ ನಿಧಾನವಾಗಿ ಬಿಟ್ಟುಕೊಡುತ್ತದೆ. ಜೊಂಡು ನೀರಿನ ಓಟವನ್ನು ತಗ್ಗಿಸುತ್ತದೆ. ಹೊಂಗೆ, ಹೊಳೆಮತ್ತಿ, ಲಕ್ಕಿಗಿಡಗಳ ಬೇರು ದಂಡೆಯ ಮಣ್ಣನ್ನು ಹಿಡಿದಿರುತ್ತವೆ. ಹೊಳೆಯ ಡೊಂಕುಗಳೂ ಹಾಗೆಯೇ. ಡೊಂಕನ್ನು ತೆಗೆದು ನೇರ ಮಾಡಿದರೆ ನಮ್ಮೂರಿನ ನೀರೇನೋ ಬೇಗ ಹೋಗಿಬಿಡುತ್ತದೆ. ಹೋಗುವುದು ಎಲ್ಲಿಗೆ? ಕೆಳಗಿನ ಯಳಂದೂರಿಗೆ, ಅಗರಕ್ಕೆ, ಮಾಂಬಳ್ಳಿಗೆ. ಅಲ್ಲಿಗೆ ಇನ್ನೂ ಜೋರಾಗಿ, ಒಟ್ಟಿಗೇ ಹೋಗಿ ಬೀಳುತ್ತದೆ. ನಮ್ಮ ಅಂಗಳದ ಕಸವನ್ನು ಪಕ್ಕದವರ ಅಂಗಳಕ್ಕೆ ಗುಡಿಸಿ ಚೊಕ್ಕಮಾಡಿದೆವು ಎಂದುಕೊಳ್ಳುವ ಹಾಗೆ.

ಅಂದಿನಿಂದ ನಾವು ಹೆಂಗಸರು ಎರಡು ಗುಡ್ಡೆ ಮಾಡಿದೆವು. ನಮ್ಮದು ಒಂದು, ಹೊಳೆಯದು ಒಂದು. ನಮ್ಮದನ್ನು ಟ್ರಾಕ್ಟರಿಗೆ ತುಂಬಿ ಕಳಿಸುವುದು, ಹೊಳೆಯದನ್ನು ಅಲ್ಲೇ ಬಿಡುವುದು. ಅಕ್ಕಿ ಆರಿಸುವಷ್ಟು ಸುಲಭವಾಗಿ ಕೆಲಸ ಸಾಗಿತು. ಸಾಗದೆ ನಿಂತದ್ದು ನಮ್ಮ ತೋಟದ ಹತ್ತಿರ ಬಂದಾಗ.

ನಮ್ಮ ತೋಟದ ಅಂಚಿಗೆ ಒಂದು ಕಲ್ಲಿನ ಗೋಡೆಯಿತ್ತು. 2002, 2003ರ ಬರದಲ್ಲಿ ಹೊಳೆ ಒಣಗಿ ಕೂತಾಗ ಅಪ್ಪ ಬೇಲಿಯನ್ನು ಕೆಳಕ್ಕೆ ಸರಿಸಿದ್ದರು. ಒಮ್ಮೆಲೇ ಅಲ್ಲ, ಇಷ್ಟಿಷ್ಟೇ. ಆಮೇಲೆ ಕಲ್ಲು ತರಿಸಿ ಎದೆಮಟ್ಟದ ಗೋಡೆ ಕಟ್ಟಿಸಿ ಒಳಗೆ ಹದಿನೆಂಟು ತೆಂಗಿನ ಸಸಿ ಇಟ್ಟರು. ಅಪ್ಪ ಕೆಟ್ಟವರಲ್ಲ. ಪಕ್ಕದವರ ಹೊಲದ ಬದುವಿಗೆ ಒಂದು ಗೇಣು ನೇಗಿಲು ತಾಗಿದರೂ ನಿದ್ದೆ ಮಾಡದ ಮನುಷ್ಯ. ಆದರೆ ಹೊಳೆಯದು ಅವರಿಗೆ ಯಾರದೂ ಅಲ್ಲದ ಜಾಗ. ಯಾರದೂ ಅಲ್ಲದ್ದನ್ನು ತೆಗೆದುಕೊಂಡರೆ ಅದು ಕಳ್ಳತನ ಹೇಗಾಯಿತು? ನಾವು ಮಕ್ಕಳಾರೂ ಕೇಳಲಿಲ್ಲ. ಆ ಮರಗಳ ತೆಂಗಿನಕಾಯಿ ಪ್ರತಿ ವರ್ಷವೂ ನನ್ನ ಗೌರಿ ಬಾಗಿನದ ಜೊತೆ ಗುಂಡ್ಲುಪೇಟೆಗೆ ಬಂದಿವೆ. ನಾನು ಚಟ್ನಿ ಅರೆದಿದ್ದೇನೆ.

2022ರ ನೀರು ಆ ಗೋಡೆಗೆ ಬಡಿದು ಎದುರು ದಡಕ್ಕೆ ತಿರುಗಿತ್ತು. ಐದು ಮರ ಕಿತ್ತುಕೊಂಡು ಹೋಯಿತಾದರೂ ಗೋಡೆ ಮುಕ್ಕಾಲುಪಾಲು ನಿಂತಿತ್ತು. ಎದುರು ದಡದಲ್ಲಿ ಆಚೆದಡದ ಅತ್ತೆಯ ಮಣ್ಣಿನ ಮನೆ ನಿಲ್ಲಲಿಲ್ಲ. ಮನೆ ಇದ್ದ ಕಡೆ ಒಂದು ಒರಳುಕಲ್ಲು ಮಾತ್ರ ಉಳಿದಿತ್ತು. ಆಕೆ ಶಾಲೆಯ ಜಗುಲಿಯಲ್ಲಿ ಮಲಗಿ, ಬೆಳಿಗ್ಗೆ ಎದ್ದು ನಮ್ಮ ಜೊತೆ ಹೊಳೆ ಚೊಕ್ಕ ಮಾಡಲು ಬರುತ್ತಿದ್ದಳು. ನಾನು ಅವಳ ಕೈ ಹಿಡಿದು ಏನೋ ಸಮಾಧಾನ ಹೇಳಲು ಹೋದೆ. ಆಕೆ ಬೈಯಲಿಲ್ಲ. ಗೋಡೆಯ ಕಡೆ ನೋಡಿ, "ನೀರಿಗ ಎಲ್ಲಾದ್ರೂ ಜಾಗ ಬೇಕಲ್ವ ಕುಸ. ನಿಮ್ಮ ಕಡ ಸಿಗ್ನಿಲ್ಲ, ನಮ್ಮ ಕಡ ಬಂತು" ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಊರಿನಲ್ಲಿ ಎಲ್ಲರೂ ಆಡುತ್ತಿದ್ದ ಮಾತು ಒಂದೇ: ಹೊಳೆಯಮ್ಮನಿಗೆ ಕೋಪ ಬಂತು, ನಾವು ಮಾಡಿದ ಪಾಪಕ್ಕೆ ಶಿಕ್ಷೆ ಕೊಟ್ಟಳು. ನಾನೂ ಮೊದಲು ತಲೆಯಾಡಿಸಿದ್ದೆ. ಆದರೆ ಯೋಚಿಸಿದಷ್ಟೂ ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಶಿಕ್ಷೆಯಾದರೆ ಬೇಲಿ ಸರಿಸಿದವರಿಗೆ ಆಗಬೇಕಿತ್ತು. ನಮಗೆ ಆದದ್ದು ಐದು ಮರ, ಒಂದಿಷ್ಟು ಕೆಸರು. ಏನೂ ಸರಿಸದ ಅತ್ತೆಯ ಮನೆಯೇ ಹೋಯಿತು. 2018ರಲ್ಲಿ, ಮತ್ತೆ 2019ರಲ್ಲಿ ಕೃಷ್ಣರಾಜಸಾಗರ, ಕಬಿನಿ ಎರಡೂ ಕಡೆಯ ನೀರು ಒಟ್ಟಿಗೆ ಬಂದು ಕೊಳ್ಳೇಗಾಲದ ಕಡೆ ದಾಸನಪುರ, ಮುಳ್ಳೂರು, ಹಳೇ ಹಂಪಾಪುರದಂಥ ಊರುಗಳನ್ನು ಕಾವೇರಿ ಮುಳುಗಿಸಿದಾಗಲೂ ಹೀಗೆಯೇ. ನೀರು ಬಿಟ್ಟ ಲೆಕ್ಕ ಎಲ್ಲೋ, ನೀರು ಕುಡಿದ ಗದ್ದೆ ಎಲ್ಲೋ.

2024ರ ಜುಲೈ 30ರ ನಡುರಾತ್ರಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಬೆಟ್ಟವೇ ಕುಸಿದು ಹೊಳೆಯಾಗಿ ಬಂದಾಗ ನನಗೆ ಈ ಶಿಕ್ಷೆಯ ಮಾತಿನ ಮೇಲೆ ಸಿಟ್ಟೇ ಬಂತು. ವಯನಾಡು ನಮಗೆ ದೂರವಲ್ಲ. ಗುಂಡ್ಲುಪೇಟೆಯ ತರಕಾರಿ ಬಂಡೀಪುರದ ಕಾಡು ದಾಟಿ ಹೋಗುವುದೇ ಅಲ್ಲಿಗೆ. ಕೂಲಿಗಾಗಿ ಹೋಗಿ ಅಲ್ಲಿನ ತೋಟದ ಲೈನುಗಳಲ್ಲಿ ನೆಲೆಸಿದ್ದ ನಮ್ಮ ಜಿಲ್ಲೆಯ ಮೂಲದವರೂ ಆ ರಾತ್ರಿ ಸತ್ತರು. ಅವರು ಯಾವ ಬೆಟ್ಟ ಕಡಿಸಿದ್ದರು? ಯಾವ ಹೊಳೆಗೆ ಗೋಡೆ ಕಟ್ಟಿದ್ದರು? ಹೊಳೆಗೆ ಕೋಪವೂ ಇಲ್ಲ, ಕರುಣೆಯೂ ಇಲ್ಲ. ಇಳಿಜಾರು ಇದ್ದ ಕಡೆ ಹರಿಯುತ್ತದೆ. ಕೋಪ ಎಂದುಬಿಟ್ಟರೆ ನಮಗೆ ಅನುಕೂಲ. ಒಂದು ಪೂಜೆ ಮಾಡಿ, ಸೀರೆ ಉಡಿಸಿ, ಶಾಂತಿ ಮಾಡಿಸಿದರೆ ಮುಗಿಯಿತಲ್ಲ! ಗೋಡೆ ಇದ್ದಲ್ಲೇ ಇರುತ್ತದೆ.

ಆ ರಾತ್ರಿ ಊಟದ ಹೊತ್ತಿಗೆ ಅಣ್ಣನ ಮುಂದೆ ಗೋಡೆಯ ಮಾತೆತ್ತಿದೆ. ಗೋಡೆ ತೆಗೆದು ಆ ಜಾಗವನ್ನು ಹೊಳೆಗೆ ಬಿಟ್ಟುಬಿಡೋಣ ಎಂದೆ. ಅವನು ಅನ್ನ ಕಲಸುವುದನ್ನು ನಿಲ್ಲಿಸಿದ. ಅಣ್ಣ ವಾದದಲ್ಲಿ ಸೋಲುವವನಲ್ಲ, ಅವನ ಮಾತಿನಲ್ಲಿ ಹುರುಳೂ ಇತ್ತು. ಮೊದಲನೆಯದು, ನಾವೊಬ್ಬರು ಬಿಟ್ಟರೆ ಏನಾಯಿತು? ಮೇಲಿನಿಂದ ಕೆಳಗಿನವರೆಗೂ ಬಾಳೆತೋಟ, ಕಬ್ಬಿನಗದ್ದೆ ಎಲ್ಲ ಹೊಳೆಯೊಳಗೇ ಇಳಿದಿವೆ. ಎಲ್ಲರೂ ಬಿಡಲಿ, ನಾನೂ ಬಿಡುತ್ತೇನೆ. ಎರಡನೆಯದು, ಸರ್ಕಾರದವರು ಒತ್ತುವರಿ ತೆಗೆಯಲು ಬಂದರೆ ಮೊದಲು ಕೀಳುವುದು ಅತ್ತೆಯಂಥವರ ಗುಡಿಸಲನ್ನೇ. ದೊಡ್ಡವರು ಕೋರ್ಟಿನಿಂದ ತಡೆ ತರುತ್ತಾರೆ. ಮೂರನೆಯದನ್ನು ಅವನು ನನ್ನ ಮುಖ ನೋಡದೆ ಹೇಳಿದ. "ನಿಂಗೇನವ್ವ, ಪೇಟೇಲಿ ಕುಂತಿದೀಯ. ಹೊಟ್ಟ ಹೊರಿಯೋದು ನಾನು."

ಮೂರನೆಯದು ನನಗೆ ನಾಟಿತು. ನಿಜವೇ ಅಲ್ಲವೇ? ತಾನು ಉಣ್ಣದ ಅನ್ನವನ್ನು ದಾನ ಮಾಡುವುದು ಬಹಳ ಸುಲಭ. ನಮ್ಮವರ ಪಿಂಚಣಿಯಲ್ಲಿ ಬದುಕುವ ನಾನು ಅಣ್ಣನ ತೆಂಗಿನಮರದ ಮೇಲೆ ಧರ್ಮ ಮಾಡಲು ಹೊರಟಿದ್ದೆ.

ಕಾನೂನು ಏನು ಹೇಳುತ್ತದೆ ಎಂಬುದು ಅಣ್ಣನಿಗೂ ಗೊತ್ತಿತ್ತು. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 67ನೆಯ ಕಲಮಿನ ಪ್ರಕಾರ ಹೊಳೆ, ಹಳ್ಳ, ಕೆರೆಗಳ ಪಾತ್ರ ಸರ್ಕಾರದ್ದು. ಪಹಣಿಯಲ್ಲಿ ಬಿ ಖರಾಬು ಎಂದು ಬರೆದಿರುತ್ತದೆ, ಎಂದರೆ ಸಾರ್ವಜನಿಕರಿಗೆ ಬಿಟ್ಟದ್ದು. ಖರಾಬು ಎನ್ನುವ ಆ ಹೆಸರೇ ನೋಡಿ. ಬೆಳೆ ಬಾರದ, ಕಂದಾಯ ಬಾರದ ನೆಲ, ಆದ್ದರಿಂದ ಕೆಟ್ಟದ್ದು. ಹೊಳೆ ಉಕ್ಕಿದಾಗ ಮೈಚಾಚಿಕೊಳ್ಳುವ ಅಂಗಳಕ್ಕೆ ನಾವಿಟ್ಟ ಹೆಸರು ಅದು. ನಾವು ಅಳೆಸಿ ನೋಡಿದಾಗ ಅಪ್ಪ ಸೇರಿಸಿಕೊಂಡದ್ದು ಹನ್ನೊಂದು ಗುಂಟೆ ಎಂದು ತಿಳಿಯಿತು.

ನನ್ನ ಮಗಳು ಓದಿ ಹೇಳಿದ ಒಂದು ಸಂಗತಿಯನ್ನು ಅಣ್ಣನಿಗೂ ಹೇಳಿದೆ. ನೆದರ್ಲೆಂಡ್ಸ್ ಎನ್ನುವ ದೇಶವೇ ನೀರಿಗೆ ಗೋಡೆ ಕಟ್ಟಿ ಬದುಕಿದ್ದು. 1995ರಲ್ಲಿ ಅಲ್ಲಿನ ನದಿಗಳು ಉಕ್ಕಿ ಸುಮಾರು ಎರಡೂವರೆ ಲಕ್ಷ ಜನ ಮನೆ ಬಿಟ್ಟು ಹೋಗಬೇಕಾಯಿತು. ಅದಾದ ಮೇಲೆ ಅವರು ಗೋಡೆಗಳನ್ನು ಇನ್ನಷ್ಟು ಎತ್ತರಿಸುವ ಬದಲು, ಮೂವತ್ತಕ್ಕೂ ಹೆಚ್ಚು ಕಡೆ ನದಿಗೆ ಜಾಗ ಬಿಟ್ಟುಕೊಡುವ ಯೋಜನೆ ಹಾಕಿದರು. ನೈಮೇಗನ್ ಎನ್ನುವ ಊರಿನ ಎದುರು ದಡದಲ್ಲಿ ತಡೆದಿಬ್ಬವನ್ನೇ 350 ಮೀಟರ್ ಹಿಂದಕ್ಕೆ ಸರಿಸಿದರು. ಸುಮಾರು 50 ಮನೆಗಳವರು ಜಾಗ ಬಿಟ್ಟರು, ಪರಿಹಾರ ಪಡೆದು. ಅಣ್ಣ ಕೇಳಿಸಿಕೊಂಡು, "ಪರಿಹಾರ ಕೊಟ್ಟರಲ್ಲ?" ಎಂದ. ಅದೂ ನ್ಯಾಯವಾದ ಪ್ರಶ್ನೆಯೇ. ಅತ್ತೆಯಂಥವರನ್ನು ಎಬ್ಬಿಸುವುದಾದರೆ ಮೊದಲು ಬೇರೆ ಕಡೆ ನೆಲ ತೋರಿಸಬೇಕು. ಬೇರೆ ಗತಿಯಿಲ್ಲದೆ ಹೊಳೆಯ ಅಂಚಿಗೆ ಗುಡಿಸಲು ಹಾಕಿಕೊಂಡವರೂ, ಮನೆ ಹೊಲ ಇದ್ದೂ ಇನ್ನಷ್ಟಕ್ಕೆ ಬೇಲಿ ಸರಿಸಿದವರೂ ಒಂದೇ ತಕ್ಕಡಿಯಲ್ಲಿ ತೂಗುವವರಲ್ಲ. ನಾವು ಎರಡನೆಯವರು. ನಮಗೆ ಯಾವ ಪರಿಹಾರ?

ಮಾರನೆಯ ದಿನ ಹೊರಡುವಾಗ ಅತ್ತಿಗೆ ತಪ್ಪಿಹೋದ ಬಾಗಿನವನ್ನು ಕೊಟ್ಟಳು. ಹೊಸ ಮೊರಗಳು ನೀರಲ್ಲಿ ನೆನೆದು ಹೋಗಿದ್ದವು. ತಟ್ಟೆಯಲ್ಲೇ ಅರಿಶಿನ, ಕುಂಕುಮ, ಬಳೆ, ಕನ್ನಡಿ, ರವಿಕೆಕಣ, ಒಂದು ತೆಂಗಿನಕಾಯಿ. ಹೊಳೆಗೂ ಕೊಟ್ಟೇ ಹೋಗು ಎಂದಳು. ನೀರಿಗೆ ಇಳಿದು ಹೂವು, ಅರಿಶಿನ ಬಿಟ್ಟೆ. ಆಗ ನನಗೆ ಹೊಳೆದದ್ದನ್ನು ನಿಮಗೆ ಹೇಳಬೇಕೆಂದೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿ ಬಂದು, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಎಂದಾಯಿತು. ಅಪ್ಪ ತೀರಿಕೊಂಡದ್ದು 2008ರಲ್ಲಿ. ಮರುವರ್ಷ ಅಣ್ಣ ಕಾಗದ ತಂದ. ನಾನು ಎರಡನೆಯ ಮಾತಾಡದೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿದೆ. ಆ ವರ್ಷದ ಬಾಗಿನದಲ್ಲಿ ರೇಷ್ಮೆ ಸೀರೆ ಇತ್ತು. ನಾನು ಅದನ್ನು ಇವತ್ತಿಗೂ ಪ್ರೀತಿಯಿಂದ ಉಡುತ್ತೇನೆ, ಸಹಿ ಮಾಡಿದ್ದಕ್ಕೆ ಬೇಸರವೂ ಇಲ್ಲ. ಆದರೆ ಬಾಗಿನ ಬೇರೆ, ಪಾಲು ಬೇರೆ ಎಂಬುದು ತವರಿರುವ ಪ್ರತಿಯೊಬ್ಬ ಹೆಣ್ಣಿಗೂ ಒಳಗೊಳಗೇ ಗೊತ್ತು. ವರ್ಷಕ್ಕೊಮ್ಮೆ ಸೀರೆ, ಬಳೆ, ಅರಿಶಿನ ಕುಂಕುಮ ಕೊಟ್ಟು ತಾಯಿ ಎಂದೋ ಮಗಳು ಎಂದೋ ಕರೆಯುವುದು ಒಂದು. ಅವಳ ಜಾಗವನ್ನು ಅವಳಿಗೆ ಬಿಡುವುದು ಇನ್ನೊಂದು. ಜಲಾಶಯ ತುಂಬಿದಾಗ ದೊಡ್ಡ ದೊಡ್ಡವರು ಬಂದು ಹೊಳೆಗೆ ಬಾಗಿನ ಬಿಡುತ್ತಾರೆ. ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ಆದರೆ ಪಾಲಿನ ಮಾತು ಯಾರೂ ಎತ್ತುವುದಿಲ್ಲ. ನಾನಾದರೋ ತಿಳಿದು, ಒಪ್ಪಿ, ಸಹಿ ಮಾಡಿದೆ. ಹೊಳೆ ಯಾವ ಕಾಗದಕ್ಕೆ ಸಹಿ ಮಾಡಿತ್ತು?

ಮೇಲೆ ಹತ್ತಿ ಬಂದು ಅಣ್ಣನಿಗೆ ಹೇಳಿದೆ. "ನನಗೆ ಬಾಗಿನ ಸಾಕು. ಹೊಳೆಗೆ ಮಾತ್ರ ಬಾಗಿನ ಸಾಲದು ಕಣಣ್ಣ. ಆ ಹನ್ನೊಂದು ಗುಂಟೆ ನನ್ನ ಪಾಲು ಅಂತ ತಿಳ್ಕೊಂಡು ಬಿಟ್ಟುಬಿಡು. ನಾನೇ ಹೊಳೆಗೆ ದಾನ ಕೊಟ್ಟೆ ಅಂದ್ಕೊ." ಹೇಳುವಾಗ ನನ್ನ ಗಂಟಲು ಬಿಗಿದಿತ್ತು, ದೊಡ್ಡ ತ್ಯಾಗ ಮಾಡಿದೆ ಎಂಬ ಸಂತೋಷಕ್ಕೆ. ಬಸ್ಸಿನಲ್ಲಿ ಕೂತು ಚಾಮರಾಜನಗರ ದಾಟುವಷ್ಟರಲ್ಲಿ ನಾಚಿಕೆಯಾಯಿತು. ದಾನವೆಲ್ಲಿಂದ ಬಂತು? ಆ ಹನ್ನೊಂದು ಗುಂಟೆ ಅಣ್ಣನದಲ್ಲ, ಅಪ್ಪನದಲ್ಲ, ನನ್ನ ಪಾಲಂತೂ ಅಲ್ಲವೇ ಅಲ್ಲ. ಎರವಲು ತಂದ ಪಾತ್ರೆಯನ್ನು ಇಪ್ಪತ್ತು ವರ್ಷ ಇಟ್ಟುಕೊಂಡು, ಕೊನೆಗೆ ಅದರ ಒಡತಿಗೆ ಉಡುಗೊರೆ ಎಂದು ಕೊಟ್ಟರೆ ಹೇಗಿರುತ್ತದೆ? ಹೊಳೆಗೆ ನಾವು ಮಾಡುವುದೆಲ್ಲ ಸೇವೆ, ಉದ್ಧಾರ, ಪುನರುಜ್ಜೀವನ ಎಂಬ ಮಾತುಗಳೇ. ತಿರುಗಿ ಕೊಡುವುದು ಎಂಬ ಸಣ್ಣ ಮಾತು ನಮಗೆ ಬಾಯಿಗೆ ಬರುವುದಿಲ್ಲ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ತಿರುಗಿ ಕೊಡುವಾಗ ತಲೆ ತಗ್ಗಿಸಬೇಕು, ಅದಕ್ಕೇ ಇರಬಹುದು.

ಎಲ್ಲರೂ ಬಿಟ್ಟರೆ ನಾನೂ ಬಿಡುತ್ತೇನೆ ಎಂದ ಅಣ್ಣನ ಮಾತಿಗೂ ಬಸ್ಸಿನಲ್ಲೇ ಉತ್ತರ ಸಿಕ್ಕಿತು. ಹೊಳೆಯ ವಿಷಯ ಹಾಗಿರಲಿ. ಆ ದಡದ ಅತ್ತೆಯ ಮನೆಗೆ ನೀರು ತಿರುಗಿಸಿದ್ದು ಎಲ್ಲರ ಗೋಡೆಯಲ್ಲ, ನಮ್ಮ ಒಂದು ಗೋಡೆ. ಇಡೀ ಹೊಳೆಯನ್ನು ಸರಿಮಾಡುವುದು ನಮ್ಮೊಬ್ಬರ ಕೈಲಾಗದು, ನಿಜ. ನಮ್ಮ ಗೋಡೆ ಮಾಡುವ ಕೆಡುಕನ್ನು ನಿಲ್ಲಿಸುವುದಕ್ಕೆ ಇನ್ನೊಬ್ಬರ ಅಪ್ಪಣೆ ಯಾಕೆ? ಇದನ್ನು ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಪರಿಹಾರದ ಅರ್ಜಿಗೆ ಅತ್ತೆಯ ಜೊತೆ ಹೋಗಿ ಕಾಗದಪತ್ರ ನೋಡಿಕೊಡು ಎಂದೂ ಹೇಳಿದೆ. ಅವನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ.

ಕಥೆಯಾಗಿದ್ದರೆ ಅಣ್ಣ ಮರುದಿನವೇ ಗೋಡೆ ಕೆಡವಿಸಿ ಬಿಡುತ್ತಿದ್ದ. ಹಾಗಾಗಲಿಲ್ಲ. ಬಿದ್ದ ಕಾಲುಭಾಗ ಗೋಡೆಯನ್ನು ಅವನು ಮತ್ತೆ ಕಟ್ಟಲಿಲ್ಲ. ಮರುವರ್ಷ ಬೇಸಿಗೆಯಲ್ಲಿ ಉಳಿದ ಗೋಡೆಯ ಕಲ್ಲುಗಳನ್ನು ಬಿಚ್ಚಿಸಿದ. ಅದರಲ್ಲಿ ಒಂದು ಟ್ರಾಕ್ಟರ್ ಕಲ್ಲು, ಊರೊಳಗೆ ಎತ್ತರದ ಕಡೆ ಅತ್ತೆಯ ಮಗ ಕಟ್ಟಿಸುತ್ತಿದ್ದ ಮನೆಯ ತಳಪಾಯಕ್ಕೆ ಹೋಯಿತು. ಕೊಟ್ಟೆ ಎಂದು ಅಣ್ಣ ಹೇಳಿಕೊಳ್ಳಲಿಲ್ಲ, ಅತ್ತಿಗೆಯಿಂದ ನನಗೆ ಗೊತ್ತಾದದ್ದು. ಹೋದ ಐದು ಮರಗಳ ಜಾಗದಲ್ಲಿ ತೆಂಗು ನೆಡಲಿಲ್ಲ, ಹೊಳೆಮತ್ತಿ, ಹೊಂಗೆ ನೆಟ್ಟಿದ್ದಾನೆ. ಉಳಿದ ಹದಿಮೂರು ಮರ ಇನ್ನೂ ಇವೆ. ಬೇಲಿ ಅರ್ಧ ಹಿಂದಕ್ಕೆ ಬಂದಿದೆ, ಅರ್ಧ ಬಂದಿಲ್ಲ. ಗೌರಿ ಹಬ್ಬಕ್ಕೆ ಆ ಮರಗಳ ಕಾಯಿ ಈಗಲೂ ಬರುತ್ತವೆ. ಒಡೆಯುವಾಗ ನನ್ನ ಕೈ ಒಂದು ಗಳಿಗೆ ನಿಲ್ಲುತ್ತದೆ. ಆಮೇಲೆ ಒಡೆಯುತ್ತೇನೆ. ನಾನೂ ಅರ್ಧ ದಾರಿಯಲ್ಲೇ ಇದ್ದೇನೆ ಎಂಬುದನ್ನು ನಿಮ್ಮಿಂದ ಮುಚ್ಚಿಟ್ಟು ಪ್ರಯೋಜನವೇನು?

ಇತ್ತೀಚೆಗೆ ಸಂಜೆ ಗುಂಡ್ಲುಹೊಳೆಯ ಸೇತುವೆಯ ಮೇಲೆ ಹೋಗುವಾಗ ನಿಂತು ಕೆಳಗೆ ನೋಡುತ್ತೇನೆ. ಈ ಹೊಳೆಗೆ ಕೌಂಡಿನಿ ಎಂಬ ಚೆಂದದ ಹೆಸರಿದೆ. ತೆಂಕಣ ಬೆಟ್ಟಗಳಿಂದ ಬಂದು, ನಂಜನಗೂಡಿನಲ್ಲಿ ಕಪಿಲೆಯನ್ನು ಕೂಡುತ್ತದೆ ಎಂದು ಅಲ್ಲಿ ಸಂಗಮಸ್ನಾನ ಮಾಡುತ್ತಾರೆ. ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ನೆನಪಿಗೆ ಪರವಾಸುದೇವ ದೇವಸ್ಥಾನ ಕಟ್ಟಿಸಿದ್ದು ಇದರ ದಂಡೆಯಲ್ಲೇ. ಅಂಥ ಹೊಳೆ ಇಂದು ಮಳೆ ಹುಯ್ದ ನಾಲ್ಕು ದಿನ ಬಿಟ್ಟರೆ ಜಾಲಿ, ಕಸ, ಬಚ್ಚಲ ನೀರು. ಕೊಳವೆಬಾವಿಗಳು ಆಳಕ್ಕೆ ಹೋದಷ್ಟೂ ಹೊಳೆ ಮೇಲೆ ಬರದಾಯಿತು. ಈಗ ನಂಜನಗೂಡು ತಾಲ್ಲೂಕಿನ ಆಲಂಬೂರಿನಿಂದ ಕಪಿಲೆಯ ನೀರನ್ನೇ ಪಂಪು ಮಾಡಿ ನಮ್ಮ ಕಡೆಯ ಕೆರೆಗಳಿಗೆ ತುಂಬಿಸುತ್ತಾರೆ. ಕೌಂಡಿನಿ ಕಪಿಲೆಗೆ ಒಯ್ಯಬೇಕಿದ್ದ ನೀರನ್ನು ಕಪಿಲೆಯಿಂದ ಕೌಂಡಿನಿಯ ಸೀಮೆಗೆ ತರುತ್ತಿದ್ದೇವೆ. ಕುಡಿಯುವವರಿಗೆ ಅದರಿಂದ ಒಳ್ಳೆಯದೇ ಆಗಿದೆ. ಆದರೂ ಮಗಳ ಮನೆಯ ಸಾಲವನ್ನು ತಾಯಿ ತೀರಿಸುವುದನ್ನು ನೋಡಿದ ಹಾಗಾಗುತ್ತದೆ.

ಉಕ್ಕಿ ಬರುವ ಹೊಳೆಯಾದರೆ ತನ್ನ ಎಲ್ಲೆ ಯಾವುದು ಎಂದು ವರ್ಷ ಹತ್ತಕ್ಕೊಮ್ಮೆಯಾದರೂ ತೋರಿಸಿ ಹೋಗುತ್ತದೆ. ಗುಂಡ್ಲುಹೊಳೆಯ ಹಾಗೆ ಬಾಯಿ ಸತ್ತ ಹೊಳೆಯ ಪಾಲನ್ನು ಕೇಳುವವರು ಯಾರು? ಕೇಳದೇ ಇರುವವರಿಗೆ ಕೊಡಬೇಕಾದದ್ದು ಇಲ್ಲ ಎಂದಾಗುತ್ತದೆಯೇ? ನನ್ನ ಕೈಯಲ್ಲಾದದ್ದು ಒಂದೇ. ಹೋದ ವರ್ಷ ನಮ್ಮ ಪೂಜಾಗೂಡಿನಲ್ಲಿ ಒಂದು ಪಟದ ಗಾಜು ಒಡೆಯಿತು. ಗಾಜನ್ನು ಬೇರೆ ಮಾಡಿ ಕಸದವರಿಗೆ ಕೊಟ್ಟು, ಕಾಗದವನ್ನು ಹಿತ್ತಲಿನ ಕರಿಬೇವಿನ ಬುಡದಲ್ಲಿ ಮಣ್ಣು ಮಾಡಿದೆ. ಕೈ ಮುಗಿದು ಒಳಗೆ ಬಂದಾಗ ನಮ್ಮವರು, "ಈ ಸಲ ತವರಿನ ಹೊಳೆಗೆ ಹೋಗಲಿಲ್ಲವೇ?" ಎಂದು ಕೇಳಿದರು. "ಅವಳ ಮನೆಗೆ ಬರಿಗೈಲೇ ಹೋಗ್ತೀನಿ ಇನ್ನು ಮೇಲೆ" ಎಂದೆ.